ವಿಮಾನದೆಣ್ಣೆಗೆ ಪಣವಾದ ಮೀಸೆ

ರಾಯಲ್ಪಾಡಿನ ಕೋದಂಡರಾಮಪ್ಪ ಹೊಂಗೆ ಗಾಣದ ಯಜಮಾನ. ಕಜ್ಜಿಗೂ ಎತ್ತಿನ ಹುಣ್ಣಿಗೂ ಅವನ ಮದ್ದು ಒಂದೇ, ಹೊಂಗೆ ಎಣ್ಣೆ. ಅವನು ಬಸ್ಸು ಹತ್ತಿದರೆ ವಾಸನೆಗೆ ಪಕ್ಕದ ಸೀಟು ತಾನಾಗಿ ಖಾಲಿಯಾಗುತ್ತಿತ್ತು. ಅದನ್ನು ಅವನು ಮರ್ಯಾದೆಯೆಂದೇ ತಿಳಿದಿದ್ದ.

2009ರಲ್ಲಿ ವೇಮಗಲ್ಲಿನ ಪ್ರಯೋಗಾಲಯವೊಂದು ಹೊಂಗೆ ಎಣ್ಣೆಯಿಂದ ವಿಮಾನದ ಇಂಧನ ತಯಾರಿಸಿ, ಮುಟ್ಟಿದವರ ಚರ್ಮಕ್ಕೆ ಕೆಡುಕಾಗುತ್ತದೆಯೇ ಎಂದು ಪರೀಕ್ಷೆಗೆ ತೊಡಗಿತು. ಅವನ ಮಗಳು ಮೌನಿಕಾ ಅಲ್ಲೇ ಡಬ್ಬಗಳಿಗೆ ಇಂಧನ ತುಂಬುತ್ತಿದ್ದಳು. ತೋಳೊಡ್ಡಲು ಜನ ಬೇಕೆಂದು ಅವಳಿಂದ ತಿಳಿದದ್ದೇ ತಡ, ಕೋದಂಡರಾಮಪ್ಪ ಗಾಣದ ಆಳುಗಳನ್ನೂ ಕಟ್ಟಿಕೊಂಡು ಹೊರಟ. ಹೋಗುವ ಮುನ್ನ ಟೀ ಅಂಗಡಿಯಲ್ಲಿ, ಹೊಂಗೆಯಿಂದ ಹುಟ್ಟಿದ್ದು ಮೈಗೆ ಕೆಟ್ಟದ್ದು ಮಾಡಿದರೆ ಮೀಸೆ ಬೋಳಿಸುವೆನೆಂದು ಪಣ ತೊಟ್ಟ. ಅಪ್ಪ ಸತ್ತಾಗ ಬಿಟ್ಟರೆ ಆ ಮೀಸೆಗೆ ಕತ್ತಿ ತಾಗಿರಲಿಲ್ಲ.

ಪರೀಕ್ಷೆ ನಡೆಸುತ್ತಿದ್ದ ಮೃದುಲಾ ಎಲ್ಲರ ತೋಳಿಗೂ ಇಂಧನದಲ್ಲಿ ಅದ್ದಿದ ಪುಟ್ಟ ಬಟ್ಟೆ ಅಂಟಿಸಿ, ತಾನು ಬಿಚ್ಚುವವರೆಗೆ ಅದನ್ನು ಮುಟ್ಟಬಾರದು, ಏನೂ ಹಚ್ಚಬಾರದು ಎಂದಳು. ಊರು ಸೇರುವಷ್ಟರಲ್ಲಿ ತುರಿಕೆ ಶುರುವಾಯಿತು. ಬಟ್ಟೆಯೆತ್ತಿ ನೋಡಿದರೆ ಚರ್ಮ ಹಣ್ಣುಮೆಣಸಿನಕಾಯಿಯಂತೆ ಕೆಂಪಗಾಗಿತ್ತು. ಯಜಮಾನ ಒಂದು ಕ್ಷಣ ಮೀಸೆ ಸವರಿ, ತಾನು ಬಲ್ಲ ಮದ್ದನ್ನೇ ಬಳಿದುಕೊಂಡ. ಆಳುಗಳಿಗೂ ಬಳಿದು, ಬಟ್ಟೆಗಳನ್ನು ಇದ್ದ ಹಾಗೇ ಅಂಟಿಸಿದ.

ಬಿಚ್ಚುವ ದಿನ ಕೆಂಪು ಇಳಿದಿತ್ತು. ವಾಸನೆಯಿಂದ ಗುಟ್ಟು ರಟ್ಟಾಗುವಂತಿರಲಿಲ್ಲ. ಗಾಣದಿಂದ ಬಂದವರೆಲ್ಲ ಯಾವಾಗಲೂ ಅಡಿಯಿಂದ ಮುಡಿಯವರೆಗೆ ಹೊಂಗೆ ನಾರುತ್ತಿದ್ದರು.

"ಒಬ್ಬರಿಗೂ ಏನೂ ಆಗಿಲ್ಲ ಯಜಮಾನ್ರೇ. ಇನ್ಮೇಲೆ ಡಬ್ಬ ತುಂಬೋರಿಗೆ ಕೈಗವಸು ಬೇಕಾಗಲ್ಲ," ಎಂದು ಮೃದುಲಾ ಹಿಗ್ಗಿದಳು.

ಕೋದಂಡರಾಮಪ್ಪ ಕಿಟಕಿಯಾಚೆ ನೋಡಿದ. ಮೌನಿಕಾ ಡಬ್ಬದ ಮುಂದೆ ಕೂತಿದ್ದಳು. ಅವನ ಕೈ ಮೀಸೆಗೆ ಹೋಗಿ ಕೆಳಗಿಳಿಯಿತು.

"ತಾಳಮ್ಮ, ಕೈಗವಸು ಇರ್ಲಿ. ಉರಿ ಉರಿ ತುರಿಕೆ ಬಂದಿತ್ತು. ಎಲ್ರೂ ಹೊಂಗೆ ಎಣ್ಣೆ ಬಳ್ಕೊಂಡ್ವಿ."

ಮೃದುಲಾ ಬರೆದಿದ್ದ ಫಲಿತಾಂಶಕ್ಕೆ ಗೀಟು ಎಳೆದಳು. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದ್ದಕ್ಕೆ ಅವನು, "ಮೀಸೆ ಇತ್ತಲ್ಲಮ್ಮ," ಎಂದ.

ಹಿಂದಿರುಗುವಾಗ ಶ್ರೀನಿವಾಸಪುರದಲ್ಲಿ ಇಳಿದು ಪಣ ತೀರಿಸಿದ. ಬೋಳು ಮುಖ ಹೊತ್ತು ಊರಿಗೆ ಬಂದರೆ ಟೀ ಅಂಗಡಿಯವರೆಲ್ಲ ಎದ್ದು ನಿಂತರು. ಅಂಗಡಿಯ ಆಂಜಿನಪ್ಪ ಹೆಗಲ ಟವೆಲ್ ತೆಗೆದು, "ಎವರು ಪೋಯಾರು ರಾಮಪ್ಪಾ?" ಎಂದು ತನ್ನ ತೆಲುಗಿನಲ್ಲಿ, ಯಾರು ತೀರಿಕೊಂಡರೆಂದು ಕೇಳಿದ. ಯಾರೂ ಸತ್ತಿಲ್ಲ, ತಾನು ಪಣ ಸೋತೆನೆಂದು ಎಷ್ಟು ಹೇಳಿದರೂ, ದುಃಖದಲ್ಲಿ ಏನೋ ಬಡಬಡಿಸುತ್ತಿದ್ದಾನೆಂದು ಜನ ಸಮಾಧಾನ ಮಾಡಿದರು. ಸಂಜೆಗೆ ಸಾವಿನ ಮನೆಗೆ ಕಳಿಸುವಂತೆ ಮೂರು ಮನೆಗಳಿಂದ ಅನ್ನ, ಸಾರು ಬಂತು.

ಹೆಂಡತಿ ಅಂಜಮ್ಮ ಒಲೆ ಹಚ್ಚುವುದು ತಪ್ಪಿತೆಂದು ನೆಮ್ಮದಿಯಾಗಿ ತಟ್ಟೆ ಹಾಕಿದಳು.