ಡ್ರೈವರ್ ಸಾಬರ ಕೊನೆಯ ಈಡು

ಮೊನ್ನೆ ರವಿಕೆಯ ಗುಂಡಿ ಕಿತ್ತುಹೋಗಿತ್ತು. ಹೊಲಿಯಲು ಸೂಜಿ ತೆಗೆಯೋಣವೆಂದು ಪೆಟ್ಟಿಗೆ ಬಿಚ್ಚಿದೆ. ನನ್ನ ಸೂಜಿಗಳೆಲ್ಲ ಇರುವುದು ಬೆರಳುದ್ದದ ಒಂದು ಹಿತ್ತಾಳೆ ಕೊಳವೆಯಲ್ಲಿ. ಒಂದು ತುದಿ ಮುಚ್ಚಿದೆ, ಇನ್ನೊಂದು ತುದಿಗೆ ಬಟ್ಟೆಯ ಬಿರಡೆ. ನೋಡಿದವರು ಇದೇನು ಔಷಧಿಯ ಕೊಳವೆಯೇ ಎಂದು ಕೇಳುತ್ತಾರೆ. ಅಲ್ಲ, ರೈಫಲ್ಲಿನ ಖಾಲಿ ತೋಟಾ. ಅದರೊಳಗಿನ ಮದ್ದಿನ ವಾಸನೆ ಹೋಗಿ ಯಾವ ಕಾಲವಾಯಿತೋ. ಆದರೂ ಬಿರಡೆ ತೆಗೆದಾಗಲೆಲ್ಲ ನನ್ನ ಮೂಗಿಗೆ ಅದು ಬಂದೇ ಬರುತ್ತದೆ, ಅದರ ಜೊತೆಗೆ ಹಸಿ ಸೊಪ್ಪಿನ ವಾಸನೆಯೂ...

ಆ ತೋಟಾ ಕೊಟ್ಟವರನ್ನು ನಾವೆಲ್ಲ ಡ್ರೈವರ್ ಸಾಬರು ಎನ್ನುತ್ತಿದ್ದೆವು. ಮೂವತ್ತನೆಯ ಇಸವಿ ದಾಟಿದ ಹೊಸತು. ಶಿರಸಿಯಿಂದ ನಮ್ಮ ಬನವಾಸಿ ಕಡೆಗೆ ದಿನಕ್ಕೊಂದು ಮೋಟಾರು ಬರುತ್ತಿತ್ತು, ಅದನ್ನು ನಡೆಸುತ್ತಿದ್ದವರು ಅವರು. ಎತ್ತರದ ಆಳು, ಮಾತು ಕಡಿಮೆ, ಬಾಯಲ್ಲಿ ಸದಾ ಒಂದು ಲವಂಗ. ಕಾಡು ಕಂಟ್ರಾಕ್ಟರರ ಹತ್ತಿರ ದುಡಿದಿದ್ದ ಅವರ ಅಪ್ಪನಿಂದ ಅವರಿಗೊಂದು ರೈಫಲ್ಲು ಬಂದಿತ್ತು. ನಮ್ಮ ಸೀಮೆಯಲ್ಲಿ ಉಳಿದವರ ಹತ್ತಿರ ಇದ್ದದ್ದು ಮದ್ದು ತುಂಬಿ ಹೊಡೆಯುವ ಹಳೆಯ ಕೋವಿಗಳು. ಅವು ಗುಂಡು ಹಾರಿಸುವುದಕ್ಕಿಂತ ಕೆಮ್ಮುವುದೇ ಹೆಚ್ಚು. ಹಾಗಾಗಿ ಗದ್ದೆಗೆ ಹಂದಿ ಬಿದ್ದಿತೆಂದರೆ ಸಾಬರಿಗೆ ಹೇಳಿಕಳಿಸುತ್ತಿದ್ದರು.

ಅವರ ಈಡು, ಅಂದರೆ ಅವರು ಹೊಡೆದ ಗುಂಡು, ಸಿದ್ದಾಪುರದಿಂದ ಯಲ್ಲಾಪುರದವರೆಗೆ ಮಾತಾಗಿತ್ತು. ಒಮ್ಮೆ ಗುರಿ ತಪ್ಪಿದ ಗುಂಡು ಬಂಡೆಗೆ ಬಡಿದು ಚಿಮ್ಮಿ ಅಡ್ಡ ಓಡುತ್ತಿದ್ದ ಇನ್ನೊಂದು ಹಂದಿಯನ್ನು ಕೆಡವಿತಂತೆ. ಮತ್ತೊಮ್ಮೆ, ಕರುಗಳನ್ನು ಒಯ್ಯುತ್ತಿದ್ದ ಚಿರತೆಯನ್ನು ಬರೀ ಸದ್ದಿನ ಮೇಲೆ ಹೊಡೆದರಂತೆ. ಜನ ಬಾಯಿ ಚಪ್ಪರಿಸಿ ಹೇಳುತ್ತಿದ್ದರೆ ಸಾಬರು ನಕ್ಕು, "ಗುಂಡು ನಂದು, ಗುರಿ ಅವಂದು," ಎಂದು ಮೇಲೆ ಕೈ ತೋರಿಸುತ್ತಿದ್ದರು. ಹಂದಿ ಅವರು ಮುಟ್ಟುವಂತಿರಲಿಲ್ಲ. ಬೇಟೆಯಲ್ಲಿ ಈಡುಗಾರನಿಗೆ ತಲೆ, ಹಳು, ಅಂದರೆ ಪೊದೆಗಾಡು, ನುಗ್ಗಿ ಹಂದಿ ಎಬ್ಬಿಸಿದವರಿಗೆ ಒಂದೊಂದು ಪಾಲು, ಕೊನೆಗೆ ನಾಯಿಗೂ ಒಂದು ಪಾಲು. ಸಾಬರ ಪಾಲಿಗೆ ಬರುತ್ತಿದ್ದದ್ದು ಆ ಹೊಗಳಿಕೆ ಒಂದೇ. ಅದು ಅವರಿಗೆ ಸಾಕಾಗಿತ್ತು, ಇಷ್ಟವೂ ಆಗಿತ್ತು. ಸುಳ್ಳೇಕೆ ಹೇಳಲಿ.

ಆ ವರ್ಷ ಕಾರ್ತಿಕದಲ್ಲಿ ನಮ್ಮೂರಲ್ಲಿ ಬೇಟೆ ಗೊತ್ತಾಯಿತು. ಹಿಂದಿನ ಸಂಜೆಯೇ ತಳವಾರ ಹಲಗೆ ಬಡಿದು, "ನಾಳೆ ಹಳು ಐತ್ರೋ, ಯಾರೂ ಅಡವಿ ಕಡೆ ಹೋಗಬ್ಯಾಡ್ರೋ," ಎಂದು ಸಾರಿ ಹೋದ. ನಾನು ಕೇಳಿಸಿಕೊಂಡಿದ್ದೆ. ಕೇಳಿಲ್ಲವೆಂದು ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳಲಿ. ಬೆಳಿಗ್ಗೆ ನಮ್ಮತ್ತೆ ಕೊಟ್ಟಿಗೆಗೆ ಹಾಸಲು ಸೊಪ್ಪಿಲ್ಲವೆಂದು ಶುರುಮಾಡಿದವರು ನನ್ನ ತವರಿನವರೆಗೂ ಹೋಗಿ ಮುಟ್ಟಿದರು. ನನಗೂ ಸಿಟ್ಟು ಮೂಗಿನ ತುದಿಯಲ್ಲೇ. ಹೊಟ್ಟೆಯಲ್ಲಿ ಐದು ತಿಂಗಳ ಕೂಸು ಬೇರೆ. ಬೇಟೆ ಕೆರೆಯಾಚೆಗೆ ತಾನೇ, ಈ ಕಡೆ ಯಾರು ಬರುತ್ತಾರೆ ಎಂದುಕೊಂಡು, ಯಾರಿಗೂ ಹೇಳದೆ ಕತ್ತಿ ಹಗ್ಗ ಹಿಡಿದು ಹೊರಟೆ. ನನ್ನ ಗಂಡ ಆಗಲೇ ಹಳು ನುಗ್ಗುವವರ ಜೊತೆ ಹೋಗಿದ್ದರು.

ದೊಡ್ಡ ಹೊರೆಯನ್ನೇ ಕಟ್ಟಿದೆ. ಹೊರೆ ದೊಡ್ಡದಾದರೆ ಹೊತ್ತವಳು ಕಾಣುವುದಿಲ್ಲ, ಬರೀ ಸೊಪ್ಪು ನಡೆದು ಬಂದ ಹಾಗೆ ಕಾಣುತ್ತದೆ. ಹಳ್ಳದಿಂದ ಬಗ್ಗಿಕೊಂಡು ಮೇಲೆ ಹತ್ತುತ್ತಿದ್ದೆ. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ, ಅಷ್ಟು ದೂರದಲ್ಲಿ, "ಬಂತೋ ಬಂತೋ" ಎಂದು ಕೂಗು ಎದ್ದಿತು. ಹಂದಿ ದಿಕ್ಕು ತಪ್ಪಿಸಿ ಈ ಕಡೆಗೇ ನುಗ್ಗಿತ್ತು. ಸಾಬರು ಅದನ್ನು ಅಡ್ಡಗಟ್ಟಲು ಓಡಿಬಂದು ದಿಬ್ಬದ ಮೇಲೆ ನಿಂತಿದ್ದರು. ಅದೊಂದೂ ನನಗೆ ಗೊತ್ತಿಲ್ಲ. ತಲೆಯ ಮೇಲಿನ ಹೊರೆಯನ್ನು ಯಾರೋ ಹಿಡಿದು ಜಗ್ಗಿದಂತಾಯಿತು, ಆಮೇಲೆ ಸದ್ದು ಕೇಳಿತು. ಮುಖ ಅಡಿಯಾಗಿ ಬಿದ್ದೆ.

ಕಣ್ಣು ಬಿಟ್ಟಾಗ ಸಾಬರು ನನ್ನ ಮುಂದೆ ಮೊಣಕಾಲೂರಿ ಕೂತಿದ್ದರು. ಹೊರೆಯಲ್ಲಿ ಗುಂಡು ತೂರಿಹೋದ ಜಾಗ ನನ್ನ ನೆತ್ತಿಯಿಂದ ಒಂದು ಗೇಣು ದೂರವೂ ಇರಲಿಲ್ಲ.

"ಯಾ ಅಲ್ಲಾ... ಸೊಪ್ಪು ಅಳ್ಳಾಡ್ತು ತಂಗಿ, ಹಂದಿ ಅಂತ ಹೊಡದೆ. ನಿನ್ನ ಮ್ಯಾಲ ಹೊಡದೆ ನಾನು."

ನನಗೆ ಜೀವ ಉಳಿದದ್ದಕ್ಕಿಂತ ಮೊದಲು ಹೊಳೆದದ್ದು ನನ್ನ ಗಂಡನ ಸಿಟ್ಟು. ಕತ್ತಿ ಹಿಡಿದವರು, ಹಿಂದುಮುಂದು ನೋಡುವವರಲ್ಲ. ಹಲಗೆ ಬಡಿದು ಸಾರಿದರೂ ಅಡವಿಗೆ ಹೋದವಳೆಂದು ಅತ್ತೆ ನನ್ನನ್ನು ಬದುಕಲು ಬಿಡುತ್ತಿರಲಿಲ್ಲ. "ಅಣ್ಣಾರ, ನಾ ಇಲ್ಲಿದ್ದದ್ದು ಯಾರಿಗೂ ಹೇಳಬ್ಯಾಡ್ರಿ," ಎಂದೆ. ಅವರು ತಲೆ ಅಲ್ಲಾಡಿಸಿದರು. ಹೇಳಲೇಬೇಕು, ತಪ್ಪು ತಮ್ಮದು ಎಂದರು. ಆಗ ನಾನು ಅವರ ಕೈ ಹಿಡಿದುಕೊಂಡು, "ನನ್ನ ಹೊಟ್ಟ್ಯಾಗಿನ ಕೂಸಿನ ಆಣಿ ಐತಿ ನಿಮಗ. ಹೇಳಿದರ ಇದಕ್ಕ ತಟ್ಟತೈತಿ," ಎಂದುಬಿಟ್ಟೆ. ಅವರ ಮುಖ ಹೆಣದ ಬಣ್ಣಕ್ಕೆ ತಿರುಗಿತು. ಹೊರೆ ಎತ್ತಿ ನನ್ನ ತಲೆಗೆ ಇಟ್ಟರು. ನಾನು ಹಳ್ಳದಲ್ಲಿ ಇಳಿದು ಮರೆಯಾದೆ.

ಹಳ್ಳದ ತಿರುವಿನಲ್ಲಿದ್ದಾಗ ಮೇಲಿಂದ ನನ್ನ ಗಂಡನ ದನಿ ಕೇಳಿಸಿತು. "ಬಿದ್ದೈತ್ರೋ! ಕಣ್ಣಿಗೆ ಕಾಣದ ಹಂದೀನ ಕೆಡವ್ಯಾರ್ರೋ ಸಾಬರು!" ನನ್ನ ಹೊರೆ ತೂರಿದ ಗುಂಡು ಹಿಂದೆ ಪೊದೆಯಲ್ಲಿ ನುಗ್ಗಿ ಬರುತ್ತಿದ್ದ ಹಂದಿಯ ಕಿವಿಯ ಬುಡಕ್ಕೇ ಹೋಗಿ ತಾಗಿತ್ತು. ಸಾಬರು ಅದನ್ನು ನೋಡಿಯೇ ಇರಲಿಲ್ಲ! ನಾನು ಆ ಸೊಪ್ಪನ್ನು ಕೊಟ್ಟಿಗೆಗೆ ಹಾಸಿದೆ, ಬೇಲಿಯ ಸೊಪ್ಪು ಎಂದು ಅತ್ತೆಗೆ ಹೇಳಿದೆ. ಸಂಜೆ ಊಟಕ್ಕೆ ಕೂತು ನನ್ನ ಗಂಡ ಆ ಈಡಿನ ಕಥೆಯನ್ನು ನನಗೇ ಹೇಳಿದರು. ನಾನು ರೊಟ್ಟಿ ಬಡಿಸುತ್ತ, ಹೌದೇನ್ರಿ, ಹೌದೇನ್ರಿ ಎಂದೆ.

ಹುಟ್ಟಿದ್ದು ಹೆಣ್ಣು. ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಮೋಟಾರು ಹತ್ತಿದ ದಿನ, ನೀರು ಹಾಕಲೆಂದು ಹಳ್ಳದ ಹತ್ತಿರ ನಿಲ್ಲಿಸಿದಾಗ ಸಾಬರು ಬಂದು ಕೂಸಿನ ಕೈಕಾಲು, ನೆತ್ತಿ, ಎಲ್ಲ ಕಣ್ಣಲ್ಲೇ ನೋಡಿದರು. ಆಮೇಲೆ ಈ ಖಾಲಿ ತೋಟಾವನ್ನು ನನ್ನ ಕೈಗಿಟ್ಟು, "ಬ್ಯಾಟಿಯಾಗ ಎಲ್ಲಾರಿಗೂ ಪಾಲೈತಿ ತಂಗಿ, ಇದು ನಿಂದು," ಎಂದರು. ರೈಫಲ್ಲನ್ನು ಕಚೇರಿಗೆ ಒಪ್ಪಿಸಿದ್ದರೆಂದು ಆಗಲೇ ಸುದ್ದಿಯಾಗಿತ್ತು. ಜನ ಅದಕ್ಕೂ ಕಥೆ ಕಟ್ಟಿದರು. ಅಂಥ ಈಡು ಹೊಡೆದ ಮೇಲೆ ಇನ್ನೇನು ಹೊಡೆಯುವುದಿದೆ, ಬಿಟ್ಟರೆ ಹಾಗೆ ಬಿಡಬೇಕು ಎಂದರು.

ನಾಲ್ಕು ವರ್ಷದ ಮೇಲೆ ಅದೇ ಹಳ್ಳದ ಹತ್ತಿರ ಅವರು ಒಮ್ಮೆ ಕೇಳಿದರು. ಕೂದಲು ಬೆಳ್ಳಗಾಗಿತ್ತು.

"ಮೋಟಾರ್ ಹತ್ತಿದವರೆಲ್ಲ ಅದನ್ನ ಕೇಳತಾರ. ಹೆಂಗ ಹೊಡದ್ರಿ ಸಾಬ್ರ, ಹೆಂಗ ಹೊಡದ್ರಿ... ಹಂದಿ ನನಗ ಹೆಂಗೂ ಹರಾಮ್. ಈಗ ಆ ಹೊಗಳಿಕೀನೂ ಹರಾಮ್ ಆಗೇತಿ ತಂಗಿ. ನಿನ್ನ ಯಜಮಾನರ ಒಬ್ಬರ ಮುಂದ ಹೇಳತೀನಿ. ಹೊಡದರ ಹೊಡೀಲಿ. ನಿನ್ನ ಆಣಿ ಹಿಂದಕ್ಕ ತಗೋ."

"ಬ್ಯಾಡ್ರಿ ಅಣ್ಣಾರ. ನನ್ನ ಸಂಸಾರ ಏನಾಗಬೇಕು?" ಎಂದೆ.

"ಆತು," ಎಂದರು. ಹೋಗಿ ಮೋಟಾರಿನ ಮುಂದೆ ಹ್ಯಾಂಡಲ್ ತಿರುಗಿಸಿದರು. ಮತ್ತೆಂದೂ ಕೇಳಲಿಲ್ಲ.

ಮುಂದೆ ಅವರಿಗೆ ಯಲ್ಲಾಪುರದ ದಾರಿ ಕೊಟ್ಟರು. ಅಲ್ಲಿಯ ಚಳಿಜ್ವರಕ್ಕೆ ಒಂದೇ ಮಳೆಗಾಲದಲ್ಲಿ ಹೋಗಿಬಿಟ್ಟರು. ಸುದ್ದಿ ಬಂದ ದಿನ ನಮ್ಮ ಕಟ್ಟೆಯ ಮೇಲೆ ಊರಿನವರು ಕೂತು ಮತ್ತೆ ಅದೇ ಈಡಿನ ಮಾತಾಡಿದರು. ನನ್ನ ಗಂಡ ಮಾತ್ರ ಒಳಗೆ ಬಂದು ಕಂಬಕ್ಕೆ ಒರಗಿ ನಿಂತರು. "ರೈಫಲ್ ಯಾಕ ಬಿಟ್ಟರಂತ ನನ್ನ ಮುಂದರ ಹೇಳಬೇಕಿತ್ತು. ನಾ ಏನ್ ಹೊರಗಿನವನೇನ? ಏನಿದ್ರೂ ಕೇಳತಿದ್ದೆ," ಎಂದವರು ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ಯಾವ ಸಿಟ್ಟಿಗೆ ಹೆದರಿ ನಾನು ಸಾಬರ ಬಾಯಿ ಕಟ್ಟಿದ್ದೆನೋ ಅದು ಅಲ್ಲಿ ಇರಲೇ ಇಲ್ಲ. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ನನ್ನಷ್ಟು ಹೇಡಿ ಇನ್ನೊಬ್ಬಳಿಲ್ಲ.

ಈಗ ಗಂಡನೂ ಇಲ್ಲ. ನನ್ನ ಮಗಳಿಗೇ ಕನ್ನಡಕ ಬಂದಿದೆ. ಮೊನ್ನೆ ಅವಳೇ ಸೂಜಿಗೆ ದಾರ ಪೋಣಿಸಿಕೊಟ್ಟಳು. ಪೋಣಿಸುತ್ತ, "ಯವ್ವಾ, ಈ ತೋಟಾ ನಮ್ಮನಿಗೆ ಎಲ್ಲಿಂದ ಬಂತ?" ಎಂದಳು. ನಾನು ಎಲ್ಲವನ್ನೂ ಹೇಳಿದೆ. ಅವಳು ದಾರದ ತುದಿಗೆ ಗಂಟು ಹಾಕಿದಳು.

"ಅವರು ಕೇಳಿದಾಗ ನಾ ನಾಕ ವರ್ಷದಾಕಿ ಇದ್ದೆನಲ್ಲ," ಎಂದಳು ಕೊನೆಗೆ. "ಗಟ್ಟಿಮುಟ್ಟ ಇದ್ದೆ. ಮತ್ತ ಆಣಿ ಯಾಕ ಬಿಡಲಿಲ್ಲ?"

ಅವಳು ಎದ್ದು ದೀಪ ಹಚ್ಚಲು ಹೋದ ಮೇಲೆ ತೋಟಾವನ್ನು ಅಂಗೈಯಲ್ಲಿ ಇಟ್ಟುಕೊಂಡು, "ಆಣಿ ಹಿಂದಕ್ಕ ತಗೊಂಡೇನ್ರಿ ಅಣ್ಣಾರ, ಇನ್ನ ಹೇಳ್ರಿ," ಎಂದೆ. ಗಟ್ಟಿಯಾಗಿಯೇ ಅಂದಿರಬೇಕು. ಯಾರ ಜೊತೆ ಮಾತಾಡುತ್ತಿದ್ದೀ ಎಂದು ಮಗಳು ಒಳಗಿನಿಂದ ಕೇಳಿದಳು.