ಸದಾನಂದ ಹಂಚಿದ ಕಡಲು

ಬೆರಗುಪಡುವುದರಲ್ಲಿ ಸದಾನಂದರನ್ನು ಮೀರಿಸುವವರು ಮುಂಬಯಿಯ ಇಡೀ ಫೋರ್ಟಿನಲ್ಲಿ ಇರಲಿಲ್ಲ. ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತು ತಲೆ ನರೆತರೂ, ದೋಸೆ ಮಗುಚುವುದನ್ನು ಇನ್ನೂ ಬಾಯಿ ಬಿಟ್ಟು ನೋಡುವ ಆಸಾಮಿ. ಅಂಥವರಿಗೆ ಅಕ್ಕನ ಮಗ ಅಕ್ಷಯ ಹಾಯಿಹಡಗು ನಡೆಸುವ ವಿಡಿಯೋ ಗೇಮ್ ತೋರಿಸಿದ ಮೇಲೆ ಕೇಳಬೇಕೇ? ಮಲ್ಪೆಯ ಹತ್ತಿರ ಹುಟ್ಟಿಯೂ ದೋಣಿ ಹತ್ತದ ಪುಣ್ಯಾತ್ಮ, ದಹಿಸರಿನ ಪುಟ್ಟ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಕಡಲಿಗಿಳಿದರು. ದೊಡ್ಡ ಅಲೆ ಬಂದರೆ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು.

ಆಟವನ್ನು ಕೊಂಡೇಬಿಟ್ಟರು. ಕೈಗೆ ಡಬ್ಬಿ ಬರಲಿಲ್ಲ, ಡಿಸ್ಕ್ ಬರಲಿಲ್ಲ. ಅವರ ಹೆಸರಿನಲ್ಲಿ ಎಲ್ಲೋ ಒಂದು ಲೈಸೆನ್ಸ್, ಅಷ್ಟೆ. ಅದನ್ನು ಮನೆಮಂದಿ ಐವರ ಜೊತೆ ಹಂಚಿಕೊಳ್ಳಬಹುದು, ಒಬ್ಬರು ಆಡುವಾಗ ಉಳಿದವರು ಕಾಯಬೇಕು ಎಂದು ಅಕ್ಷಯ ಹೇಳಿದಾಗ ಸದಾನಂದರು ಕುರ್ಚಿಯನ್ನು ಇನ್ನೂ ಹತ್ತಿರ ಎಳೆದುಕೊಂಡರು. ಹೋಟೆಲಿನಲ್ಲಿ ಇಡ್ಲಿ ತಿಂದರೆ ಮುಗಿಯಿತು. ಇಲ್ಲಿ ಎಷ್ಟು ಮಂದಿ ಉಂಡರೂ ತಟ್ಟೆ ತುಂಬಿಯೇ ಇರುತ್ತದೆ.

“ಎಂತ ಚೋದ್ಯ ಮಾರಾಯ ಇದು,” ಎಂದರು.

ಮಾವನ ಸೊತ್ತು ಅಕ್ಕನ ಮಕ್ಕಳಿಗೆ ಎಂಬುದು ಅವರ ಕುಲದಲ್ಲಿ ಹಳೆಯ ಕಟ್ಟು. ಹಾಗಾಗಿ ಕುಟುಂಬ ಯಾರು ಎಂದು ಆಟ ಕೇಳಿದ್ದೇ ತಡ, ಅಕ್ಕನ ಮೂರು ಮಕ್ಕಳನ್ನು ಸೇರಿಸಿದರು. ಉಳಿದೆರಡು ಜಾಗ ಹೋಟೆಲಿನಲ್ಲಿ ಬಡಿಸುವ ಸೀನನಿಗೆ ಮತ್ತು ಅವನ ತಮ್ಮನಿಗೆ. ಒಂದೇ ಅಡುಗೆಮನೆಯ ಅನ್ನ ಉಣ್ಣುವವರು ಹೊರಗಿನವರು ಹೇಗಾದಾರು?

ಮಗಳು ಶ್ರಾವ್ಯಾಳ ಹತ್ತನೆಯ ತರಗತಿಯ ಪರೀಕ್ಷೆ ಮುಗಿಯಿತು. ಮುಗಿದ ಮೇಲೆ ಆಡು ಎಂದು ಅಪ್ಪ ಹೇಳಿದ್ದ ಮಾತನ್ನು ನಂಬಿ ಕಾದಿದ್ದ ಹುಡುಗಿ ಕಂಪ್ಯೂಟರಿನಲ್ಲಿ ತನ್ನ ಹೆಸರಿನ ಖಾತೆ ತೆರೆದು ನೋಡಿದಳು. ಆಟವೇ ಇಲ್ಲ.

“ಪಪ್ಪಾ, ಫ್ಯಾಮಿಲಿಯಲ್ಲಿ ಸಬ್ ಲೋಗ್ ಇದ್ದಾರೆ. ನಾನು ಇಲ್ಲ.”

“ನೀನು ಮನೆಯಲ್ಲೇ ಇದ್ದೀಯಲ್ಲ ಮಗಾ, ನಿನ್ನನ್ನು ಬೇರೆ ಸೇರಿಸುವುದು ಎಂತಕ್ಕೆ?”

ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಎದ್ದು ಅಮ್ಮನ ಹತ್ತಿರ ಹೋಗಿ ನಿಂತಳು.

“ಊರಿಗೆ ಉಪಕಾರಿ, ಮನೆಗೆ ಮಾರಿ,” ಎಂದರು ಹೆಂಡತಿ ಮೋಹಿನಿ, ಒಲೆಯ ಕಡೆಯಿಂದ ತಿರುಗದೆ.

ಸದಾನಂದರು ಅಕ್ಷಯನಿಗೆ ಫೋನ್ ಹಚ್ಚಿದರು. ಯಾರನ್ನಾದರೂ ತೆಗೆದರೂ ಆ ಜಾಗ ಒಂದು ವರ್ಷ ಮುಚ್ಚಿರುತ್ತದೆ ಎಂದ ಅವನು. ಊರವರಿಗೆಲ್ಲ ಬಡಿಸಿ, ಹೆತ್ತ ಮಗಳಿಗೇ ಎಲೆ ಹಾಕಲು ಮರೆತಿದ್ದರು.

ಭಾನುವಾರ ಅವಳನ್ನು ಕರೆದು ತಮ್ಮ ಕುರ್ಚಿಯಲ್ಲೇ ಕೂರಿಸಿದರು.

“ನನ್ನ ಹೆಸರಲ್ಲೇ ಆಡು. ಇನ್ನು ಇದು ನಿನ್ನ ಹಡಗು.”

“ಮತ್ತೆ ನೀವು?”

“ನಾನು ನೋಡ್ತೇನೆ.”

ಹೇಳುವುದು ಸುಲಭ, ಹೇಳಿದ ಮೇಲೂ ಅವರ ಕೈ ಮೌಸ್ ಮೇಲೆಯೇ ಇತ್ತು. ಆ ಹಡಗು ಅಂದರೆ ಅವರಿಗೆ ಅಷ್ಟು ಜೀವ.

ಹಡಗು ನಿಂತಿದ್ದದ್ದು ಬಿರುಗಾಳಿಯ ಒಂದು ಭೂಶಿರದ ಬಳಿ. ಅಲ್ಲಿ ಸದಾನಂದರು ಮುಳುಗದ ವಾರವಿಲ್ಲ. ಶ್ರಾವ್ಯಾ ಹಾಯಿಯನ್ನು ಅರ್ಧ ಇಳಿಸಿದಳು. ಓಡಿಹೋಗುವ ಬದಲು ಹಡಗಿನ ಮೂತಿಯನ್ನು ಅಲೆಗೇ ತಿರುಗಿಸಿದಳು. ಕಪ್ಪು ನೀರು ಗೋಡೆಯಂತೆ ಎದ್ದಿತು, ಹಡಗು ಅದನ್ನು ಹತ್ತಿತು, ಆಚೆ ಇಳಿಯಿತು. ಮುಂದೆ ಶಾಂತವಾದ, ಬೆಳಕು ಬಿದ್ದ, ಅವರು ಎಂದೂ ಕಾಣದ ಕಡಲು. ಸದಾನಂದರು ಉಸಿರು ಬಿಡುವುದನ್ನೇ ಮರೆತರು. ಆದರೆ ಅವರು ನೋಡುತ್ತಿದ್ದದ್ದು ಕಡಲನ್ನಲ್ಲ, ಹಲ್ಲು ಕಚ್ಚಿ ಕೂತ ಈ ಹುಡುಗಿಯನ್ನು. ಇವಳು ಇಷ್ಟು ದಿನ ಎಲ್ಲಿದ್ದಳು?

“ಯಾರು ಕಲಿಸಿದ್ದು ನಿಂಗೆ?”

“ಯಾರೂ ಇಲ್ಲ. ನೀವು ಆಡುವಾಗ ರೋಜ್ ಹಿಂದೆ ನಿಂತು ನೋಡ್ತಿದ್ದೆ.”

ಅಷ್ಟರಲ್ಲಿ ಅಕ್ಷಯನ ಮೆಸೇಜ್ ಬಂತು. ಆಟದಲ್ಲಿ ಯಾರು ಏನು ಗೆದ್ದರೂ ಬಳಗಕ್ಕೆಲ್ಲ ಕಾಣುತ್ತದೆ. “ಮಾವಾ, ಕೊನೆಗೂ ದಾಟಿದಿರಲ್ಲ. ಹೇಗೆ?”

ಸದಾನಂದರು ಕನ್ನಡಕ ಏರಿಸಿಕೊಂಡು ಒಂದೇ ಬೆರಳಿನಲ್ಲಿ, ನಿಧಾನವಾಗಿ ಒತ್ತಿದರು: “ದಾಟಿದ್ದು ನಾನಲ್ಲ. ನನ್ನ ಮಗಳು.”