ಹೋರಿಯೆದುರು ಒಂದು ಮಲಯ ಪದ

ಸಂಜೆ ನಾಲ್ಕು ಇಪ್ಪತ್ತು. ಮೋಟೆಬೆನ್ನೂರಿನ ಹೋರಿ ಬೆದರಿಸುವ ಸ್ಪರ್ಧೆಯಲ್ಲಿ ಓಟ ಮುಗಿಸಿದ ಹೋರಿಯೊಂದು ಕೊಬ್ಬರಿ ಹಾರ ಕುಣಿಸುತ್ತ ನೇರ ನನ್ನತ್ತ ನುಗ್ಗಿತು. ಪಕ್ಕದಲ್ಲಿದ್ದ ಮಲೇಷ್ಯಾದ ಗೆಳತಿ ಸಿತಿ “ಅಮೋಕ್!” ಎಂದು ಕಿರುಚಿ ಬೇಲಿ ಹಾರಿದಳು. ನನಗೆ ಕಾಲು ಕೀಳಲಾಗಲಿಲ್ಲ. ಕೋಡು ಎದೆಗೆ ಗೇಣಷ್ಟು ದೂರವಿದ್ದಾಗ ಹೋರಿ ನಿಂತು, ನನ್ನ ಕೈಯಲ್ಲಿದ್ದ ಹಿಂಡಿಯ ಬುಟ್ಟಿಗೆ ಮೂತಿ ಹಾಕಿತು. ರುಮಾಲು ಸುತ್ತಿಕೊಂಡು ಬರುತ್ತೇನೆಂದು ಅದರ ಮಾಲೀಕ ಯಲ್ಲಪ್ಪ ಆ ಬುಟ್ಟಿಯನ್ನು ನನಗೆ ಕೊಟ್ಟು ಹೋಗಿದ್ದ.

“ಅಂಜಬ್ಯಾಡ್ರಿ ಅಕ್ಕಾರ, ಓಟ ಮುಗದ ಕೂಡ್ಲೆ ಬುಟ್ಟಿ ಹಿಡದವರ ಹತ್ರ ಬರಾಕ ನಾನ ಕಲಿಸೇನಿ” ಎಂದು ಓಡಿಬಂದ ಯಲ್ಲಪ್ಪ ನಕ್ಕ.

ಬೇಲಿಯಾಚೆಯಿಂದಲೇ ಸಿತಿ ಪಾಠ ಶುರುಮಾಡಿದಳು. ಅಮೋಕ್ ಎಂದರೆ ಮಲಯದಲ್ಲಿ ಮತಿಗೆಟ್ಟು ಕಂಡವರ ಮೇಲೆ ಎರಗುವವನ ಆವೇಶ. ಅದರ ನಂಟಿನ ಜಾವಾ ಭಾಷೆಯಲ್ಲಿ ಮಕ್ಕಳ ರಂಪಾಟಕ್ಕೂ ಅದೇ ಪದ. ಯಾವ ನಂಟೂ ಇಲ್ಲದ ಇಂಗ್ಲಿಷಿನಲ್ಲಿ ಅದು ಆನೆ, ಗೂಳಿಗಳಿಗೂ ಸಲ್ಲುತ್ತದೆ. ನಾನು ಇದನ್ನೆಲ್ಲ ಯಲ್ಲಪ್ಪನಿಗೆ ಕನ್ನಡದಲ್ಲಿ ಹೇಳಿದೆ.

“ನಮ್ಮ ಕಡೆ ಇದಕ್ಕ ಹಸಿವು ಅಂತಾರ್ರಿ” ಎಂದ ಯಲ್ಲಪ್ಪ.

ನನಗೆ ಆಗ ನಗು ಬರಲಿಲ್ಲ. ಮುಂದಿನ ರಾತ್ರಿಗಳಲ್ಲೂ ಕಣ್ಣು ಮುಚ್ಚಿದರೆ ಕೋಡುಗಳೇ ಕಾಣುತ್ತಿದ್ದವು. ಎಂಟನೆಯ ದಿನ ಯಲ್ಲಪ್ಪನ ಮನೆಗೆ ಹೋಗಿ ಹೋರಿಯ ಕೊರಳು ಸವರಿ ಬಂದೆ. ಆ ರಾತ್ರಿಯೇ ನಾನು ಬೆಳಗಿನವರೆಗೂ ನಿದ್ದೆ ಮಾಡಿದ್ದು.